ಏಣಿ ಪಕ್ಕದ ಕಪ್ಪು ಮೂಲೆ

ಕೊಳಚೆ ನೀರು ಶುದ್ಧೀಕರಣ ಘಟಕ,
ಬ್ಲೋವರ್ ಕೋಣೆ,
ಮಾರ್ಚ್ ೨

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನೆ ಫೋನ್ ಮಾಡಿದ್ದೆ. ನಿನ್ನ ಜೊತೆ ಮಾತಾಡಬೇಕು ಅಂತಲೇ ಮಾಡಿದ್ದು. ಆದರೆ ಅಮ್ಮ ಮಂಡಿ ವ್ಯಾಯಾಮಕ್ಕೆಂದು ನಿನ್ನ ಮನೆಗೆ ಬಂದ ದಿನದಿಂದ ಆ ಫೋನು ನಿನ್ನದಲ್ಲ ಅಂತ ಗೊತ್ತಾಯಿತು. ಮುಕ್ಕಾಲು ಗಂಟೆ ಅವಳೇ ಮಾತಾಡಿದಳು. ನನ್ನ ಕಡೆ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಗುಂಯ್ ಅನ್ನುತ್ತಿತ್ತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧ ಮಂಡಿಯ ವಿಷಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಅಮ್ಮ ನಿನ್ನ ಕೈಯಿಂದ ಕಿತ್ತು ಕಿವಿಗೆ ಹಿಡಿದುಕೊಳ್ಳಲಾರಳು.

ಮೊದಲು ನನ್ನ ಸುದ್ದಿ. ನಾನು ಈಗ ಮುಖ್ಯ ನಿರ್ವಾಹಕಿ! ಹತ್ತೊಂಬತ್ತಕ್ಕೆ ಇಲ್ಲಿ ಸೇರಿದವಳು, ಇಪ್ಪತ್ತೆರಡು ವರ್ಷ ಈ ತೊಟ್ಟಿಗೆ ಗಾಳಿ ಊದಿಸಿದ್ದಕ್ಕೆ ಕೊನೆಗೂ ಒಂದು ಕುರ್ಚಿ ಕೊಟ್ಟರು. ಏಪ್ರಿಲ್ ಹದಿನಾಲ್ಕಕ್ಕೆ ತಪಾಸಣೆ ಇದೆ. ನಾನು ಮುಖ್ಯಳಾದ ಮೇಲೆ ಮೊದಲನೆಯದು. ಮೊದಲ ದರ್ಜೆ ಸಿಕ್ಕರೆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸುವುದಾಗಿ ನಿನ್ನ ಭಾವ ಹೇಳಿದ್ದಾರೆ. ಅವರ ಹೊಲಿಗೆ ಅಂಗಡಿಯಲ್ಲಿ ಅದಕ್ಕೆಂದೇ ಮೊಳೆಯನ್ನೂ ಹೊಡೆದಿದ್ದಾರೆ. ಮದುವೆಯಾದಾಗಿನಿಂದ ನನ್ನ ಸೀರೆಯ ನಾತದ ಬಗ್ಗೆ ಒಂದು ಮಾತೂ ಆಡದ ಮನುಷ್ಯ. ಆ ಮೊಳೆಯನ್ನು ಎರಡು ಸಲ ಮುಟ್ಟಿ ನೋಡಿದೆ.

ಇನ್ನು ನಿನ್ನ ವಿಷಯ. ಅಮ್ಮ ನಿನ್ನ ಸಂಸಾರವನ್ನೇ ಉಳಿಸಿದಳಂತೆ! ಅವಳ ಮಾತಲ್ಲೇ ಬರೆಯುತ್ತೇನೆ: "ನಿನ್ ತಮ್ಮ ಒಲೆ ಹಿಂದಿನ ಬೆಚ್ಚಗಿನ ಗೂಡಲ್ಲಿ ಒಂದು ಗಾಜಿನ ಜಾಡಿ ಇಟ್ಟಿದ್ದ ಕಣೇ. ಅವನ ಬ್ಯಾಕ್ಟೀರಿಯಾ ಅಂತೆ. ಮುಚ್ಚಳ ಬಿಗಿ ಅಂದ್ರೆ ಬಿಗಿ, ಮೇಲೆ ಮೇಣ ಬೇರೆ. ನೀನು ಯಾವಾಗ್ಲೂ ಹೇಳ್ತೀಯಲ್ಲ, ಗಾಳಿ ಇಲ್ದಿದ್ರೆ ಅವು ಸಾಯ್ತವೆ ಅಂತ. ಪಾಪ ಅನ್ನಿಸ್ತು. ಮೇಣ ಕೆರೆದು, ಮುಚ್ಚಳ ತೆಗೆದು, ಚಮಚದಲ್ಲಿ ಚೆನ್ನಾಗಿ ಕದಡಿ ಕಿಟಕಿ ಹತ್ರ ಇಟ್ಟೆ."

ಭೇಷ್ ಅಮ್ಮಾ ಅಂದೆ. ಇಷ್ಟು ವರ್ಷ ಮನೆಯಲ್ಲಿ ಇದೇ ಪಾಠ ಹೇಳಿದ್ದೇನೆ, ಒಬ್ಬರಾದರೂ ಕಿವಿಗೆ ಹಾಕಿಕೊಂಡರಲ್ಲ. ನಿನಗೆ ಬುದ್ಧಿ ಬೇಡವೇನೋ? ದೊಡ್ಡ ಲ್ಯಾಬಿನಲ್ಲಿ ಕೆಲಸ, ಅಷ್ಟೂ ಗೊತ್ತಿಲ್ಲವೇ? ನೀನು ಸಾಕುವುದು ಏನನ್ನು ಅಂತ ಒಂದು ದಿನವೂ ನನಗೆ ಬಿಡಿಸಿ ಹೇಳಿಲ್ಲ. ಕೇಳಿದರೆ "ನಿನಗೆ ಯಾಕೆ ಬಿಡಕ್ಕಾ" ಅನ್ನುತ್ತೀಯ. ನನ್ನನ್ನು ಕೇಳಿದ್ದರೆ ಜಾಡಿಗೆ ಒಂದು ಪುಟ್ಟ ಪಂಪು ಹಾಕಿಕೊಡುತ್ತಿದ್ದೆ.

ಉತ್ತರ ಬರಿ. ಎರಡು ಸಾಲಿನದ್ದು ಬೇಡ.

ನಿನ್ನ ಅಕ್ಕ

*

ಮಾರ್ಚ್ ೯

ಅಕ್ಕನಿಗೆ ನಮಸ್ಕಾರ.

ಮುಖ್ಯ ನಿರ್ವಾಹಕಿ ಆದದ್ದಕ್ಕೆ ತುಂಬ ಸಂತೋಷ. ಭಾವನಿಗೂ ಹೇಳು. ಅಮ್ಮ ಚೆನ್ನಾಗಿದ್ದಾಳೆ. ವ್ಯಾಯಾಮದ ಡಾಕ್ಟರು ದಿನಾ ನಡೆಯಬೇಕು ಅಂದಿದ್ದಾರೆ, ಅದಕ್ಕೆ ನನ್ನ ಕಾಗದಗಳನ್ನೆಲ್ಲ ಬೀದಿ ಕೊನೆಯ ಅಂಚೆ ಪೆಟ್ಟಿಗೆಗೆ ಅವಳೇ ಹಾಕಿ ಬರುತ್ತಾಳೆ. ಇದನ್ನೂ ಅವಳೇ ಹಾಕುವುದು.

ಬ್ಯಾಕ್ಟೀರಿಯಾಗಳೂ ಚೆನ್ನಾಗಿವೆ. ಅಮ್ಮ ಗಾಳಿ ಕೊಟ್ಟಿದ್ದು ಒಳ್ಳೆಯದೇ ಆಯಿತು.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ನಿನ್ನ ಗಾಳಿ ತೊಟ್ಟಿಯಲ್ಲಿ ಏಣಿ ಪಕ್ಕದ ಮೂಲೆಯ ತಳದಲ್ಲಿ ಕಪ್ಪು ಕೆಸರು ಈಗಲೂ ಇದೆಯಾ? ಇದ್ದರೆ ಒಂದು ಬಾಟಲಿ ಸಿಗಬಹುದಾ? ಅವಸರವಿಲ್ಲ. ಆದಷ್ಟು ಬೇಗ ಸಿಕ್ಕರೆ ಒಳ್ಳೆಯದು.

ನಿನ್ನ ತಮ್ಮ

*

ಮಾರ್ಚ್ ೯, ಸಂಜೆ

ಅಕ್ಕಾ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಒಳ್ಳೆಯ ತಮ್ಮ ಬರೆಯುವಂಥ ಕಾಗದ ಒಂದನ್ನು ಬರೆದು ಅಮ್ಮನ ಕೈಗೆ ಕೊಟ್ಟಾಯಿತು. ಇದು ನಿಜದ ಕಾಗದ. ಮೇಜಿನ ಖಾನೆಗೆ ಹೋಗುತ್ತದೆ.

ಬ್ಯಾಕ್ಟೀರಿಯಾಗಳು ಚೆನ್ನಾಗಿಲ್ಲ. ಎಲ್ಲವೂ ಸತ್ತಿವೆ. ಅಮ್ಮ ಮುಚ್ಚಳ ತೆಗೆದು ಕದಡಿದ ಹತ್ತು ನಿಮಿಷದಲ್ಲೇ ಸತ್ತಿರಬೇಕು. ನಾನು ಸಾಕುತ್ತಿದ್ದವನಿಗೆ ಗಾಳಿ ಅಂದರೆ ವಿಷ. ಲ್ಯಾಬಿನಲ್ಲಿ ಅವನಿಗೆ ಮುಂಗೋಪಿ ಅಂತ ಹೆಸರಿಟ್ಟಿದ್ದೆವು, ಒಂದು ಉಸಿರು ಗಾಳಿ ತಾಕಿದರೆ ಸಾಕು, ಮುನಿಸಿಕೊಂಡು ಪ್ರಾಣ ಬಿಡುತ್ತಿದ್ದ. ಅವನು ಇರುವುದು ನಮ್ಮ ಕರುಳಿನ ಕತ್ತಲೆಯಲ್ಲಿ. ಅಲ್ಲಿ ಅವನು ಮಾಡುವ ಒಂದು ಆಮ್ಲದಿಂದ ಕರುಳಿನ ಹುಣ್ಣು ಮಾಯುತ್ತದೆಯೇ ಅಂತ ಎಂಟು ವರ್ಷದಿಂದ ನೋಡುತ್ತಿದ್ದೇನೆ. ಕಳೆದ ತಿಂಗಳು ಲ್ಯಾಬಿನಲ್ಲಿ ವೈರಿಂಗ್ ಕೆಟ್ಟು ಫ್ರೀಜರಿನಲ್ಲಿದ್ದ ನಕಲುಗಳೆಲ್ಲ ಕರಗಿ ಹಾಳಾದವು. ಉಳಿದದ್ದು ಆ ಒಂದೇ ಜಾಡಿ. ರಿಪೇರಿ ಮುಗಿಯುವವರೆಗೆ ಮನೆಯಲ್ಲಿ ಭದ್ರವಾಗಿರಲಿ ಅಂತ ತಂದೆ. ಭದ್ರವಾಗಿ!

ಅಮ್ಮನಿಗೆ ಹೇಗೆ ಹೇಳಲಿ? ನಾನು ಬಾಗಿಲಲ್ಲಿ ಕಾಲಿಡುತ್ತಲೇ ಅವಳು ಜಾಡಿ ತೋರಿಸಿ, "ನೋಡು, ಹೇಗೆ ಉಸಿರಾಡ್ತಾ ಇದ್ದಾವೆ" ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನಗೆ ಹೇಗೆ ಹೇಳಲಿ? ಅವಳಿಗೆ ಆ ಪಾಠ ಹೇಳಿಕೊಟ್ಟವಳು ನೀನು.

ಇನ್ನೊಂದು ಇದೆ. ಅದನ್ನು ಎಂಟು ವರ್ಷದಿಂದ ಬಚ್ಚಿಟ್ಟಿದ್ದೇನೆ. ಮುಂಗೋಪಿ ಸಿಕ್ಕಿದ್ದು ನಿನ್ನ ತೊಟ್ಟಿಯಲ್ಲಿ. ಅವನು ಬೇರೆಯವರಿಗೂ ಸಿಕ್ಕಿದ್ದಾನೆ, ಆದರೆ ಅಷ್ಟು ಆಮ್ಲ ಮಾಡುವವನು ಆ ಮೂಲೆಯಲ್ಲಿ ಮಾತ್ರ ಸಿಕ್ಕಿದ್ದು. ರಜೆಗೆ ಬಂದಿದ್ದಾಗ ನೀನು ಚಹಾ ತರಲು ಹೋಗಿದ್ದೆ. ಏಣಿ ಪಕ್ಕದ ಮೂಲೆಯಲ್ಲಿ ಮಾತ್ರ ಗಾಳಿಯ ಗುಳ್ಳೆ ಎದ್ದು ನೀರು ಕುದಿಯುತ್ತಿರಲಿಲ್ಲ. ತಳದಲ್ಲಿ ಗಾಳಿ ಪೈಪು ಕಟ್ಟಿಕೊಂಡು, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ನಿನ್ನ ಮಾದರಿ ಕೊಳವೆಯಲ್ಲಿ ತಳದಿಂದ ಎಳೆದು, ಕೈಗೆ ಬೇರೇನೂ ಸಿಗದೆ ನಿನ್ನ ಊಟದ ಡಬ್ಬಿಯಲ್ಲೇ ತುಂಬಿಕೊಂಡೆ. ಲ್ಯಾಬಿನಲ್ಲಿ ಮೂರು ಸಲ ಹುಡುಕಿದಾಗಲೂ ಬರಿಗೈ. ನಾಲ್ಕನೇ ಸಲ, ನಿನ್ನ ಡಬ್ಬಿಯ ಕೊನೆಯ ಚಮಚದಲ್ಲಿ ಅವನು ಸಿಕ್ಕ. ಆ ಡಬ್ಬಿ ಕಳೆದದ್ದಕ್ಕೆ ನೀನು ಭಾವನನ್ನು ಬೈದದ್ದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದೆ.

ನಿನ್ನ ತೊಟ್ಟಿಯಲ್ಲಿ ಕಪ್ಪು ಮೂಲೆ ಇದೆ ಅಂತ ಬರೆದರೆ ನಿನಗೆ ಅವಮಾನ. ಅದಕ್ಕೆ ಲ್ಯಾಬಿನ ಪುಸ್ತಕದಲ್ಲಿ 'ಮೂಲ' ಅನ್ನುವ ಕಡೆ "ಒಂದು ಊರಿನ ಕೊಳಚೆ ನೀರು" ಅಂತ ಬರೆದು ಕೈ ತೊಳೆದುಕೊಂಡೆ. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೆ. ಈಗ ಯೋಚಿಸಿದರೆ ನಾಚಿಕೆಯಾಗಿದ್ದು ನನಗೇ ಇರಬೇಕು.

ನಮ್ಮ ಲ್ಯಾಬ್ ನಡೆಸುವ ಮೇಡಂಗೆ ನಿಜ ಹೇಳಿದ್ದೇನೆ. ಮೇ ತಿಂಗಳ ಮೊದಲ ವಾರದೊಳಗೆ ಅಂಥವನೇ ಇನ್ನೊಬ್ಬ ಸಿಕ್ಕರೆ ಸರಿ, ಇಲ್ಲದಿದ್ದರೆ ಈ ಕೆಲಸವನ್ನೇ ಮುಚ್ಚೋಣ ಅಂದರು. ಅಂದರೆ ನನ್ನನ್ನೂ. ಒಂದು ಸಲಕ್ಕೆ ಸಿಗುವವನಲ್ಲ ಅವನು. ಎರಡು ಮೂರು ಸಲ ಕೆಸರು ಬೇಕು, ಆ ಮೂಲೆ ಹಾಗೇ ಕಪ್ಪಾಗಿ ಇರಬೇಕು. ನಿನ್ನ ತಪಾಸಣೆ ಇರುವಾಗ ಹಾಗೆ ಕೇಳಲು ನನಗೆ ಯಾವ ಮುಖವಿದೆ?

ಹೋಗು, ಖಾನೆಯಲ್ಲಿ ಮಲಗು.

*

ಬ್ಲೋವರ್ ಕೋಣೆ,
ಮಾರ್ಚ್ ೧೬

ತಮ್ಮಾ,

ಕಪ್ಪು ಕೆಸರೇ? ನನ್ನ ತೊಟ್ಟಿಯಲ್ಲೇ? ಯಾರು ಹೇಳಿದರು ನಿನಗೆ? ನಮ್ಮ ಘಟಕದ ಆ ಇಂಜಿನಿಯರ್ ಏನಾದರೂ ಕಿವಿ ಊದಿದರಾ? ನಾನು ಮುಖ್ಯಳಾದದ್ದು ಅವರಿಗೆ ಜೀರ್ಣವಾಗಿಲ್ಲ ಅಂತ ಗೊತ್ತಿತ್ತು. ಆದರೆ ನನ್ನ ಸ್ವಂತ ತಮ್ಮನವರೆಗೂ ಚಾಡಿ ಮುಟ್ಟಿಸುತ್ತಾರೆ ಅಂದುಕೊಂಡಿರಲಿಲ್ಲ.

ಕಪ್ಪು ಕೆಸರು ಅಂದರೆ ಏನು ಗೊತ್ತೇನೋ? ಗಾಳಿ ಸಾಲದೆ ನನ್ನವರು, ಕೊಳಚೆ ತಿಂದು ನೀರು ತಿಳಿ ಮಾಡುವ ಬ್ಯಾಕ್ಟೀರಿಯಾಗಳು, ಸತ್ತು, ಆ ಜಾಗದಲ್ಲಿ ನಾತದ ಕಳ್ಳರು ಬಂದು ಕೂತಿದ್ದಾರೆ ಅಂತ ಅರ್ಥ. ನಿರ್ವಾಹಕಿ ನಿದ್ದೆ ಮಾಡಿದ್ದಾಳೆ ಅಂತ ಅರ್ಥ. ನನ್ನ ತೊಟ್ಟಿಯ ಕೆಸರು ಒಳ್ಳೆ ಚಹಾದ ಬಣ್ಣ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಮೂಗಿಟ್ಟು ನೋಡು ಬೇಕಾದರೆ.

ಮೂಗಿಡಲಿ ಅಂತಲೇ ಒಂದು ಬಾಟಲಿ ಕಳಿಸಿದ್ದೇನೆ. ಇವತ್ತು ಬೆಳಗ್ಗೆ ನಡುತೊಟ್ಟಿಯಿಂದ ತೆಗೆದದ್ದು. ದಾರಿಯಲ್ಲಿ ಉಸಿರುಗಟ್ಟದಿರಲಿ ಅಂತ ಮುಚ್ಚಳಕ್ಕೆ ಸೂಜಿಯಿಂದ ಹನ್ನೆರಡು ತೂತು ಹಾಕಿದ್ದೇನೆ. ನಿನ್ನ ಭಾವ ಬಾಟಲಿಗೆ ಕೋಟಿನ ಒಳಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಅದಕ್ಕೂ ಗುಂಡಿಯ ಕಾಜದ ಥರ ಗಾಳಿಕಿಂಡಿ ಇಟ್ಟಿದ್ದಾರೆ. ಈ ಮಟ್ಟದ ಕೆಸರನ್ನು ನಿಮ್ಮ ಲ್ಯಾಬ್ ಇದುವರೆಗೆ ಕಂಡಿರಲಿಕ್ಕಿಲ್ಲ. ನಿಮ್ಮ ಮೇಡಂಗೂ ತೋರಿಸು.

ಅಕ್ಕ

*

ಮಾರ್ಚ್ ೨೪

ಅಕ್ಕನಿಗೆ,

ಪಾರ್ಸೆಲ್ ಬಂತು. ಅದು ಬರುವ ಮೊದಲೇ ಅದರ ವಾಸನೆ ಬಂತು. ನಿನ್ನ ಹನ್ನೆರಡು ತೂತುಗಳಿಂದ ಗಾಳಿ ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ, ಕೆಸರು ಮಾತ್ರ ಸಲೀಸಾಗಿ ಹೊರಗೆ ಬಂದಿತ್ತು. ಪೋಸ್ಟ್‌ಮ್ಯಾನ್ ಅದನ್ನು ಒಂದು ಕೋಲಿಗೆ ಸಿಕ್ಕಿಸಿಕೊಂಡು ಬಂದಿದ್ದರು. ಸಹಿಯನ್ನು ಮೂರು ಮೆಟ್ಟಿಲು ಕೆಳಗೆ ನಿಂತು ಹಾಕಿಸಿಕೊಂಡರು. "ಸಾರ್, ನಿಮ್ಮೋರು ಏನಾದ್ರೂ ಕಳಿಸ್ಬೇಕು ಅಂತಿದ್ರೆ ಇನ್ಮೇಲೆ ಬಟ್ಟೆಬರೆ ಕಳಿಸ್ಲಿ" ಅಂದರು. ನಮ್ಮ ಬೀದಿಯ ಆರು ಮನೆಯ ಕಾಗದಗಳು ಈಗ ಚಹಾದ ಬಣ್ಣದಲ್ಲಿವೆ.

ಅಮ್ಮ ಮಾತ್ರ ಬಾಟಲಿ ಕೈಯಲ್ಲಿ ಹಿಡಿದು, "ಅಬ್ಬಾ, ಎಷ್ಟು ಕಷ್ಟಪಟ್ಟು ಕಳಿಸಿದ್ದಾಳೆ" ಅಂತ ಕಣ್ಣೊರೆಸಿಕೊಂಡಳು.

ಅಕ್ಕಾ, ನಿನ್ನ ಕೆಸರು ಉತ್ತಮವಾದದ್ದೇ. ನನಗೆ ಬೇಕಾದದ್ದು ಅದಲ್ಲ. ಏಣಿ ಪಕ್ಕದ್ದು ಬೇಕು. ಕಪ್ಪಾದದ್ದು, ನಾತ ಹೊಡೆಯುವುದು. ಯಾಕೆ ಅಂತ ಕೇಳಬೇಡ, ನಿನಗೆ ಅರ್ಥವಾಗುವುದಿಲ್ಲ. ಮೂಲೆ ಇಲ್ಲ ಅಂತ ಸುಳ್ಳು ಹೇಳಬೇಡ, ನಾನು ಕಣ್ಣಾರೆ ನೋಡಿದ್ದೇನೆ.

ತಮ್ಮ

*

ಮಾರ್ಚ್ ೨೮

ಮಾನ್ಯರೇ,

ತಮ್ಮ ಇಪ್ಪತ್ನಾಲ್ಕನೇ ತಾರೀಖಿನ ಪತ್ರ ತಲುಪಿತು. ಅರ್ಥವಾಗದವರಿಗೆ ಪತ್ರ ಬರೆಯುವ ತೊಂದರೆಯನ್ನು ತಾವು ಇನ್ನು ತೆಗೆದುಕೊಳ್ಳಬೇಕಾಗಿಲ್ಲ. ಮೂರು ವರ್ಷದಿಂದ ಅರ್ಜಿ ಬರೆದು ಬರೆದು ತರಿಸಿದ ಹೊಸ ಗಾಳಿ ಪೈಪು ಬಂದಿದೆ. ಏಪ್ರಿಲ್ ಐದಕ್ಕೆ ಏಣಿ ಪಕ್ಕ ಅದನ್ನು ಕೂರಿಸಿ, ಆ ಜಾಗವನ್ನು ತೊಳೆದು ಸ್ವಚ್ಛ ಮಾಡಲಾಗುವುದು. ಆ ಬಳಿಕ ಕಣ್ಣಾರೆ ನೋಡಲು ತಮಗೆ ಏನೂ ಉಳಿದಿರುವುದಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ.

ಇಂತಿ,
ಮುಖ್ಯ ನಿರ್ವಾಹಕಿ

ಅಮ್ಮನಿಗೆ ಕಳಿಸಿದ ಮಂಡಿ ಎಣ್ಣೆಯನ್ನು ಹಚ್ಚುತ್ತಿದ್ದಾಳಾ ಅಂತ ಮಾತ್ರ ತಿಳಿಸತಕ್ಕದ್ದು.

*

ಮಾರ್ಚ್ ೩೧

ಅಕ್ಕಾ,

ದಯವಿಟ್ಟು ಪೈಪು ಹಾಕಬೇಡ. ಕಾಲು ಹಿಡಿದು ಕೇಳುತ್ತೇನೆ. ಕಾರಣ ಕೇಳಬೇಡ.

ಎಣ್ಣೆ ಹಚ್ಚುತ್ತಿದ್ದಾಳೆ.

ತಮ್ಮ

*

ಬ್ಲೋವರ್ ಕೋಣೆ,
ಏಪ್ರಿಲ್ ೪

ಲೋ ಕಳ್ಳಾ,

ನಿನ್ನ ಮೂರು ಸಾಲಿನ ಕಾಗದ ಬಂತು. ಲಕೋಟೆ ಮಾತ್ರ ದಪ್ಪವಾಗಿತ್ತು. ಒಡೆದು ನೋಡಿದರೆ ಒಳಗೆ ನಾಲ್ಕಾಗಿ ಮಡಚಿದ ಇನ್ನೊಂದು ಕಾಗದ. ಮೇಲೊಂದು ಚೀಟಿ, ಅಮ್ಮನ ದಪ್ಪಕ್ಷರದಲ್ಲಿ: "ಖಾನೇಲಿ ಉಳಿದುಬಿಟ್ಟಿತ್ತು. ಮೇಲೆ ಅಕ್ಕ ಅಂತ ಇತ್ತು. ಮುಚ್ಚಿಟ್ರೆ ಕಾಗದಾನೂ ಮುಗ್ಗಲು ಹಿಡಿಯುತ್ತೆ. ಲಕೋಟೆ ಬಿಚ್ಚಿ, ಸೇರಿಸಿ, ಗೋಂದು ಹಾಕಿದ್ದೀನಿ."

ನೀನು ಖಾನೆಯಲ್ಲಿ ಮಲಗಿಸಿದ ಕಾಗದ. ಪೈಪು ಕೂರಿಸುವವರು ನಾಳೆ ಬೆಳಗ್ಗೆ ಬರಬೇಕಿತ್ತು.

ಎರಡು ಸಲ ಓದಿದೆ. ಮೊದಲನೇ ಸಲ ನಿನ್ನ ಮೇಲೆ ಸಿಟ್ಟು ಬಂತು. ಎರಡನೇ ಸಲ ಬ್ಲೋವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಇಪ್ಪತ್ತೆರಡು ವರ್ಷದಿಂದ ನನಗೆ ಅದೊಂದು ಅನುಕೂಲ. ನಿನ್ನ ಎಂಟು ವರ್ಷದ ಕೆಲಸವನ್ನು ಕೊಂದದ್ದು ನನ್ನ ಪಾಠ. ಅದಕ್ಕೆ ಭೇಷ್ ಬೇರೆ ಅಂದೆ. ತಪ್ಪಾಯಿತು ಕಣೋ.

ಈಗ ನನ್ನ ತಪ್ಪೊಪ್ಪಿಗೆ. ಕಪ್ಪು ಮೂಲೆ ಇದೆ. ಎಂಟು ವರ್ಷವೂ ಇತ್ತು. ಪ್ರತಿ ತಪಾಸಣೆಯಲ್ಲೂ "ಸಾರ್, ಆ ಕಡೆ ಬಿಸಿಲು, ಈ ಕಡೆಯಿಂದ ಬನ್ನಿ" ಅಂತ ಅವರನ್ನು ಸುತ್ತಿಸಿ ಕರೆದೊಯ್ಯುತ್ತಿದ್ದವಳು ನಾನೇ. ಒಮ್ಮೆ ಮೋಡ ಕವಿದ ದಿನವೂ ಹಾಗೇ ಅಂದೆ, ಅವರೂ ಹಾಗೇ ಸುತ್ತಿದರು.

ಪೈಪಿನವರಿಗೆ ಬರಬೇಡಿ ಅಂತ ಹೇಳಿ ಕಳಿಸಿದ್ದೇನೆ. ಮೂಲೆ ನಿನ್ನದು, ಮೇ ತಿಂಗಳವರೆಗೂ. ತಪಾಸಣೆಯ ಯೋಚನೆ ನನಗಿರಲಿ.

ಈ ಕಾಗದದ ಜೊತೆ ನಾಲ್ಕು ಬಾಟಲಿ ಬರುತ್ತಿವೆ, ಬಸ್ಸಿನ ಡ್ರೈವರ್ ಕೈಯಲ್ಲಿ. ನಿಮ್ಮ ಪೋಸ್ಟ್‌ಮ್ಯಾನ್‌ಗೆ ಇನ್ನೊಮ್ಮೆ ಕೋಲು ಹಿಡಿಸುವುದು ಬೇಡ. ಇವನ್ನು ಹೇಗೆ ತುಂಬಿದ್ದೇನೆ ಅಂತ ಕೇಳು, ಅರ್ಥವಾಗದವಳ ಬುದ್ಧಿ ಎಷ್ಟಿದೆ ನೋಡು. ನಾನು ಬೆಳಗ್ಗೆ ಮಾದರಿ ತೆಗೆದು, ಮುಚ್ಚಳ ಹಾಕಿ ಮರೆತುಬಿಟ್ಟರೆ ಮಧ್ಯಾಹ್ನಕ್ಕೆ ಬಾಟಲಿಯ ತಳ ಕಪ್ಪಗಾಗಿರುತ್ತದೆ. ಅಂದರೆ ನನ್ನವರು ಒಳಗಿದ್ದ ಗಾಳಿಯನ್ನೆಲ್ಲ ನೆಕ್ಕಿ ಮುಗಿಸಿರುತ್ತಾರೆ. ಅದಕ್ಕೇ ನಿನ್ನ ಕಪ್ಪು ಕೆಸರನ್ನು ಉದ್ದ ಕೊಳವೆಯಲ್ಲಿ ತಳದಿಂದ ಎಳೆದು ಕತ್ತಿನವರೆಗೆ ತುಂಬಿದೆ. ಅದರ ಮೇಲೆ ಎರಡು ಬೆರಳಿನಷ್ಟು ನನ್ನ ಕಂದು ಕೆಸರು, ಅವರಿಗೆ ತಿನ್ನಲು ಒಂದು ಚಮಚ ಹೊಸ ಕೊಳಚೆ. ಮುಚ್ಚಳ ಬಿಗಿ, ಒಂದೂ ತೂತಿಲ್ಲ. ಕತ್ತಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ನನ್ನವರು ಮೊದಲ ಅರ್ಧ ಗಂಟೆಯಲ್ಲೇ ತಿಂದು ಮುಗಿಸುತ್ತಾರೆ. ಕೆಳಗೆ ನಿನ್ನ ಮುಂಗೋಪಿಗೆ ಗಾಳಿಯ ಸುಳಿವೂ ತಾಕುವುದಿಲ್ಲ.

ಆಮೇಲೆ ನನ್ನವರಿಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ಮುಚ್ಚಳ ತಿರುಗಿಸುವಾಗ ಒಂದು ಕ್ಷಣ ಕೈ ನಿಂತಿತು, ನಿಜ ಹೇಳುತ್ತೇನೆ.

ಡಬ್ಬಿಯ ವಿಷಯಕ್ಕೆ ನಿನ್ನ ಭಾವನಲ್ಲಿ ಕ್ಷಮೆ ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ನಾನು ಕಳೆದಿಲ್ಲ ಅಂತ ನನಗೆ ಗೊತ್ತಿತ್ತಲ್ಲ" ಅಂದರು. ಎಂಟು ವರ್ಷ ಈ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮನುಷ್ಯ!

ಅಕ್ಕ

*

ಏಪ್ರಿಲ್ ೧೨

ಅಕ್ಕಾ,

ಬಾಟಲಿಗಳು ಬಂದವು. ಕಾಗದವೂ. ಅಮ್ಮನ ಕೈಗೆ ಕಾಗದ ಕೊಟ್ಟು ಹಾಕಿಸಿದ ನನ್ನ ಬುದ್ಧಿಗೆ ಏನು ಹೇಳಲಿ ಅಂತ ತಿಳಿಯುತ್ತಿಲ್ಲ. ಬೈಯಬೇಕೋ ಕೈಮುಗಿಯಬೇಕೋ?

ನೀನು ತುಂಬಿದ ರೀತಿಯನ್ನು ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು, "ನಿಮ್ಮ ಅಕ್ಕ ಎಲ್ಲಿ ಓದಿದ್ದು?" ಅಂದರು. ತೊಟ್ಟಿಯಲ್ಲಿ ಅಂದೆ. ನಮ್ಮ ಕರುಳಿನಲ್ಲಿ ನಡೆಯುವುದೂ ಇದೇ ಅಕ್ಕಾ. ಮಗು ಹುಟ್ಟಿದಾಗ ಕರುಳಿನಲ್ಲಿ ಗಾಳಿಯ ಅಂಶ ಇರುತ್ತದೆ. ಗಾಳಿ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಗಟ್ಟಿಗರು ಮೊದಲು ಬಂದು ಅದನ್ನೆಲ್ಲ ಬಳಸಿ ಮುಗಿಸುತ್ತಾರೆ. ಆಮೇಲೆಯೇ ಮುಂಗೋಪಿಯಂಥ ನಾಜೂಕಿನವರು ಬಂದು ನೆಲೆಸುವುದು. ಮುಂದೆಯೂ ಹಾಗೇ, ಗೋಡೆಯಿಂದ ಒಸರುವ ಗಾಳಿಯನ್ನು ಅಂಚಿನಲ್ಲಿರುವವರು ತಿನ್ನುತ್ತಿದ್ದರೆ ಮಾತ್ರ ನಡುವಿನಲ್ಲಿರುವವನು ಬದುಕುತ್ತಾನೆ. ಇದನ್ನು ನಾನು ನಿನಗೆ ಎಂಟು ವರ್ಷದ ಹಿಂದೆಯೇ ಹೇಳಬಹುದಿತ್ತು. ಹೇಳಿದ್ದರೆ ನೀನು ಅಮ್ಮನಿಗೆ ಹೇಳಿರುತ್ತಿದ್ದೆ, ಅಮ್ಮ ಮುಚ್ಚಳ ಮುಟ್ಟುತ್ತಿರಲಿಲ್ಲ. ನಿನಗೆ ಅರ್ಥವಾಗುವುದಿಲ್ಲ ಅಂದ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು.

ಅಪ್ಪ ತೀರಿಕೊಂಡ ವರ್ಷ ನೀನು ಆ ಕೆಲಸಕ್ಕೆ ಸೇರಿದ್ದು ನಾನು ಓದಲಿ ಅಂತ. ನಿನಗೂ ಓದುವ ಆಸೆಯಿತ್ತು, ನನಗೆ ಗೊತ್ತಿತ್ತು. ಅದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಮೊದಲ ಎರಡು ಬಾಟಲಿಯಲ್ಲಿ ಅವನು ಸಿಗಲಿಲ್ಲ. ಮೂರನೆಯದನ್ನು ಇವತ್ತು ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ತೆರೆದೆ.

ಜಾಡಿಯಲ್ಲಿದ್ದವು ಸತ್ತದ್ದನ್ನು ಅಮ್ಮನಿಗೆ ಹೇಳುವುದು ಬೇಡ ಅಲ್ಲವಾ? ಖಾನೆಯ ಕಾಗದ ಓದಿದೆಯಾ ಅಂತ ಮೆಲ್ಲಗೆ ಕೇಳಿದೆ. "ಕನ್ನಡಕ ಎಲ್ಲಿಟ್ಟಿದ್ನೋ ಸಿಗ್ಲಿಲ್ಲ" ಅಂದಳು. ನಂಬಿದ್ದೇನೆ.

ತಮ್ಮ

*

ಬ್ಲೋವರ್ ಕೋಣೆ,
ಏಪ್ರಿಲ್ ೧೬

ತಮ್ಮಾ,

ತಪಾಸಣೆ ಮುಗಿಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ತಪಾಸಣೆಯ ಸಾಹೇಬರು ಬಂದರು. ಪಕ್ಕದಲ್ಲಿ ಇಂಜಿನಿಯರ್, ಹೊಸ ಬೂಟು. ಸಾಹೇಬರು ರೂಢಿಯಂತೆ ಬಿಸಿಲಿಲ್ಲದ ಕಡೆಗೆ ಹೊರಟರು. ನಾನು, "ಸಾರ್, ಈ ಸಲ ಏಣಿ ಕಡೆಯಿಂದ ಬನ್ನಿ" ಅಂದೆ. ಇಂಜಿನಿಯರ್‌ಗೆ ಕೆಮ್ಮು ಬಂತು.

"ಇದೇನಮ್ಮಾ, ಇಲ್ಲಿ ನೀರು ಕುದೀತಾನೇ ಇಲ್ಲ?"

"ಎಂಟು ವರ್ಷದಿಂದ ಕುದಿಯಲ್ಲ ಸಾರ್. ನಾನೇ ನಿಮಗೆ ತೋರಿಸ್ತಿರಲಿಲ್ಲ."

"ಹೊಸ ಪೈಪು ಗೋಡೆಗೆ ಒರಗಿಸಿದ್ದೀರಲ್ಲ. ಹಾಕಿಲ್ಲ ಯಾಕೆ?"

"ತಮ್ಮನಿಗೆ ಕೆಸರು ಬೇಕು ಸಾರ್."

"ಯಾರಿಗೆ?"

"ನನ್ನ ತಮ್ಮನಿಗೆ."

ಸಾಹೇಬರು ಇಂಜಿನಿಯರ್ ಮುಖ ನೋಡಿದರು. ಇಂಜಿನಿಯರ್ ಬೂಟು ನೋಡಿಕೊಂಡರು. ನಾನು ಕರುಳು, ಮುಂಗೋಪಿ, ಜಾಡಿ, ಅಮ್ಮನ ಚಮಚ ಎಲ್ಲ ಹೇಳಿದೆ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಪೂರ್ತಿ ಕೇಳಿದರು. ಕೊನೆಗೆ, "ನಮ್ಮನೆಯವಳಿಗೂ ಎರಡು ವರ್ಷದಿಂದ ಕರುಳಿನ ಹುಣ್ಣು. ಏನು ತಿಂದ್ರೂ ಆಗಲ್ಲ" ಅಂದರು. ನನಗೆ ಒಂದು ಕ್ಷಣ ಆಸೆ ಹುಟ್ಟಿತು. ಆದರೆ ಮನುಷ್ಯ ಕಟ್ಟುನಿಟ್ಟು. ಅಲ್ಲೇ ನಿಂತು ಪುಸ್ತಕದಲ್ಲಿ ಬರೆದರು: "ಏಣಿ ಪಕ್ಕ ಗಾಳಿ ಇಲ್ಲ. ಕಾರಣ: ನಿರ್ವಾಹಕಿಯ ತಮ್ಮ. ಎರಡನೇ ದರ್ಜೆ."

ಎರಡನೇ ದರ್ಜೆಗೆ ಪ್ರಮಾಣಪತ್ರ ಕೊಡುವುದಿಲ್ಲ, ಬರೀ ಒಂದು ಚೀಟಿ, ಅದರಲ್ಲೂ ಇದೇ ಸಾಲು. ಮನೆಗೆ ಬಂದು ಅದನ್ನು ಮುದುರಿ ಎಸೆದೆ, ಇಲ್ಲ ಅನ್ನುವುದಿಲ್ಲ. ನಿನ್ನ ಭಾವ ಆ ಚೀಟಿಯನ್ನು ಇಸ್ತ್ರಿ ಮಾಡಿ, ಕಟ್ಟು ಹಾಕಿಸಿ, ಅದೇ ಮೊಳೆಗೆ ನೇತು ಹಾಕಿದ್ದಾರೆ. ಅಳತೆ ಕೊಡಲು ಬಂದವರೆಲ್ಲ ಓದುತ್ತಾರೆ. "ಯಾರ್ರೀ ಈ ತಮ್ಮ?" ಅಂತ ಕೇಳುತ್ತಾರೆ.

ಮುಂಗೋಪಿಯನ್ನು ಬೇಗ ಹುಡುಕು. ನನ್ನ ಮರ್ಯಾದೆ ಮೂರನೇ ಬಾಟಲಿಯಲ್ಲಿದೆ.

ಅಕ್ಕ

*

ಮೇ ೫

ಅಕ್ಕಾ,

ಸಿಕ್ಕ!

ಮೂರನೇ ಬಾಟಲಿ, ನಿನ್ನ ಕಂದು ಕೆಸರಿನ ಸ್ವಲ್ಪ ಕೆಳಗೆ. ಹಳೆಯವನಲ್ಲ, ಅದೇ ಕುಲದ ಇನ್ನೊಬ್ಬ. ಹಳೆಯವನಿಗಿಂತ ಮುಂಗೋಪ ಹೆಚ್ಚು, ಆಮ್ಲವೂ ಹೆಚ್ಚು. ಮೇಡಂ ಎರಡು ಸಲ ನೋಡಿ, ಕೆಲಸ ಮುಂದುವರಿಯಲಿ ಅಂದರು. ಈ ಸಲ ನಕಲುಗಳನ್ನು ಮೂರು ಕಟ್ಟಡದ ಮೂರು ಫ್ರೀಜರಿನಲ್ಲಿ ಇಟ್ಟಿದ್ದೇನೆ. ಮನೆಗೆ ಒಂದೂ ತಂದಿಲ್ಲ.

ಲ್ಯಾಬಿನ ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ. ಮೂಲ: ಗಾಳಿ ತೊಟ್ಟಿ, ಏಣಿ ಪಕ್ಕದ ಕಪ್ಪು ಮೂಲೆ. ಸಂಗ್ರಹಿಸಿದವರು: ತೊಟ್ಟಿಯ ಮುಖ್ಯ ನಿರ್ವಾಹಕಿ, ನನ್ನ ಅಕ್ಕ. ಹಳೆಯ ಪುಟ ತೆರೆದು ಅಲ್ಲೂ ತಿದ್ದಿದೆ. ಅಲ್ಲಿ ಸಂಗ್ರಹಿಸಿದವರು: ತಮ್ಮ, ಅಕ್ಕನ ಊಟದ ಡಬ್ಬಿಯಲ್ಲಿ, ಹೇಳದೆ.

ಇನ್ನು ಅಮ್ಮನ ವಿಷಯ. ಮೂರು ವಾರದಿಂದ ಮನೆ ಒಲೆಯಂತೆ ಕಾಯುತ್ತಿತ್ತು. ಸೆಕೆಗಾಲ ಅಂದುಕೊಂಡೆ. ಮೊನ್ನೆ ನೋಡುತ್ತೇನೆ, ಒಂದು ಕಿಟಕಿಯೂ ತೆರೆದಿಲ್ಲ. ಅಡುಗೆಮನೆಯ ಡಬ್ಬಿಗಳ ಮುಚ್ಚಳಕ್ಕೆಲ್ಲ ದಾರ ಬಿಗಿದಿದೆ. ಬೆಳಗ್ಗೆ ಎದ್ದರೆ ಮೊದಲು ಮನೆಯ ಕಿಟಕಿಗಳನ್ನೆಲ್ಲ ತೆರೆದು ಆಮೇಲೆ ಮುಖ ತೊಳೆಯುವ ನಮ್ಮಮ್ಮ, ಬೆವರು ಸುರಿಸಿಕೊಂಡು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು. ಕನ್ನಡಕ ಮೂಗಿನ ಮೇಲೇ ಇತ್ತು.

"ಯಾಕಮ್ಮಾ ಎಲ್ಲ ಮುಚ್ಚಿದ್ದೀಯ?" ಅಂದೆ.

"ನಿನ್ನ ಆ ಗಾಳಿ ಆಗದೋರು ಇನ್ಯಾರಾದ್ರೂ ಇದ್ರೆ... ನಂಗೇನು ಗೊತ್ತಾಗುತ್ತಪ್ಪಾ" ಅಂದಳು. ಅಷ್ಟೇ. ಓದಿದ್ದಾಳೆ ಅಕ್ಕಾ. ಪೂರ್ತಿ ಓದಿಯೇ ನಿನಗೆ ಹಾಕಿದ್ದಾಳೆ.

ನಾನು ಎದ್ದು ಎಲ್ಲ ಕಿಟಕಿ ತೆರೆದೆ. ಅವಳ ಪಕ್ಕ ಕೂತು, "ನೀನು ಆ ಕಾಗದ ಹಾಕದಿದ್ರೆ ನನ್ನ ಕೆಲಸ ಹೋಗ್ತಿತ್ತಮ್ಮಾ" ಅಂದೆ. ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಆಮೇಲೆ, "ಹೌದಾ?" ಅಂತ ಕೇಳಿದಳು. ಹೌದು ಅಂದೆ. "ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ. ಆಮೇಲೆ ಎದ್ದು ಹೋಗಿ ಮೇಜಿನ ಖಾನೆಗಳನ್ನೆಲ್ಲ ಎಳೆದು, ಇನ್ನೇನಾದರೂ ಉಳಿದಿದೆಯಾ ಅಂತ ಹುಡುಕತೊಡಗಿದಳು.

ಮಂಡಿ ವಾಸಿಯಾಗಿದೆ. ಮುಂದಿನ ವಾರ ನಿನ್ನಲ್ಲಿಗೆ ಬರುತ್ತಾಳೆ.

ನಿನ್ನ ತಮ್ಮ

*

ಬ್ಲೋವರ್ ಕೋಣೆ,
ಮೇ ೧೧

ತಮ್ಮಾ,

ಬ್ಲೋವರ್ ಕೋಣೆಯಲ್ಲಿ ಮತ್ತೆ ಅತ್ತೆ, 'ಹೇಳದೆ' ಅನ್ನುವ ಮಾತು ಓದಿ. ಸಾಕು, ಇನ್ನು ಅಳಿಸಬೇಡ, ಬ್ಲೋವರಿನವನು ಯಂತ್ರ ಕೆಟ್ಟಿದೆ ಅಂದುಕೊಂಡಾನು.

ನಿನ್ನೆ ಪೈಪು ಕೂರಿಸಿದೆವು. ಏಣಿ ಪಕ್ಕವೂ ಈಗ ನೀರು ಕುದಿಯುತ್ತದೆ. ನಿನ್ನ ಪುಸ್ತಕದಲ್ಲಿ ಆ ಸಾಲಿನ ಪಕ್ಕ "ಈಗ ಸ್ವಚ್ಛವಾಗಿದೆ" ಅಂತ ದಪ್ಪಗೆ ಬರಿ, ಮರೆಯಬೇಡ.

ತೊಳೆಯುವ ಮೊದಲು ತಳದ ಕಪ್ಪು ಕೆಸರನ್ನು ಒಂದು ದೊಡ್ಡ ಬಕೆಟ್ಟಿಗೆ ತುಂಬಿಸಿಕೊಂಡೆ. ಮೇಲೆ ನನ್ನವರ ಒಂದು ಪದರ, ಮುಚ್ಚಳ, ಮುಚ್ಚಳದ ಸುತ್ತ ಮೇಣ. ಇಪ್ಪತ್ತೆರಡು ವರ್ಷ ಯಾರ ನಾತದ ಜೊತೆ ಹೊಡೆದಾಡಿದೆನೋ ಅವರನ್ನೇ ಕುರ್ಚಿ ಪಕ್ಕ ಕೂರಿಸಿಕೊಂಡಿದ್ದೇನೆ. ನಿನಗೆ ಯಾವಾಗ ಬೇಕಾದರೂ ಬೇಕಾದೀತು. ನಿನ್ನ ಭಾವ ಅದಕ್ಕೊಂದು ಗವಸು ಹೊಲಿದು ಅದರ ಮೇಲೆ ಕೆಂಪು ದಾರದಲ್ಲಿ ಅಕ್ಷರ ಹಾಕಿದ್ದಾರೆ: "ತಮ್ಮನದು. ಗಾಳಿ ಕೊಡಬೇಡಿ."

ಅಮ್ಮ ನಾಳೆ ಬರುತ್ತಾಳೆ. ಬಂದ ತಕ್ಷಣ ನನ್ನ ಹೊಸ ಕುರ್ಚಿ ನೋಡಬೇಕಂತೆ. ಅವಳು ವಾಪಸ್ ಹೋಗುವವರೆಗೆ ಕುರ್ಚಿಯಲ್ಲಿ ಅವಳು ಕೂರಲಿ, ಬಕೆಟ್ಟಿನ ಮೇಲೆ ನಾನು ಕೂರುತ್ತೇನೆ.

ನಿನ್ನ ಅಕ್ಕ